ಅಕ್ಕನ ತಲೆಗೆ ಕಟ್ಟಿದ ಟರ್ಬೋ

ಗ್ಯಾರೇಜುಗಳು ಸಾಲುಗಟ್ಟಿ ನಿಂತ ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹಿಡಿದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಕಿವಿಯಣ್ಣ ಎಂದರೆ ಸಾಕು, ಮೂಲೆಯ ಪಂಕ್ಚರ್ ಅಂಗಡಿಯವನು ತಲೆ ಎತ್ತದೆಯೇ ಕೈ ಚಾಚುತ್ತಾನೆ. ಬಾನೆಟ್ ತೆಗೆಯುವ ಮೊದಲೇ ಸದ್ದು ಕೇಳಿ ಗಾಡಿಯ ಕಾಯಿಲೆ ಹೇಳುವವನು ಎಂದು ಪಕ್ಕದ ಶೆಡ್ಡಿನ ಪೇಂಟರ್ ಇಟ್ಟ ಹೆಸರು ಅದು. ಡೀಸೆಲ್ ಕಾರುಗಳ ಟರ್ಬೋ ಅವನ ಪಳಗಿದ ಕೆಲಸ. "ಗಾಡಿ ಒಂದ್ಸಲ ಕೆಮ್ಮಿದ್ರೆ ಸಾಕು, ಇವನು ಅದರ ಮೂರು ತಲೆಮಾರು ಹೇಳ್ತಾನೆ" ಎಂದು ಪೇಂಟರ್ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಕಿವಿಯಣ್ಣ ಬೇಡ ಎನ್ನುತ್ತಿರಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಎರಡು ಶೆಡ್ಡಿಗೂ ಒಂದೇ ಅಂಗಳ. ಯಾವುದೋ ವ್ಯಾನಿನಿಂದ ಕಿತ್ತ ಹಿಂದಿನ ಸೀಟು ಗೋಡೆಗೆ ಒರಗಿದೆ. ಕಾಯುವವರು ಅದರ ಮೇಲೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಬಾಡಿಗೆ ಗಾಡಿಯ ಡ್ರೈವರುಗಳು ಊರ ಸುದ್ದಿಯನ್ನೆಲ್ಲ ಅಲ್ಲೇ ಹರವುತ್ತಾರೆ. ಅಂಗಳದಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಇರುತ್ತದೆ.

ಈ ಕೆಲಸಕ್ಕೆ ಅವನನ್ನು ಹಚ್ಚಿದ್ದು ಅಕ್ಕ. ಶಾಲೆಯಲ್ಲಿ ನಪಾಸಾಗಿ ಮನೆಯಲ್ಲಿ ಮುಖ ಮರೆಸಿಕೊಂಡು ಮಲಗಿದ್ದವನನ್ನು ಎಬ್ಬಿಸಿ ಬಸ್ ಡಿಪೋದ ವರ್ಕ್‌ಶಾಪಿಗೆ ಕರೆದೊಯ್ದು, "ಇವನಿಗೆ ಓದು ಹತ್ತಲ್ಲ, ನಟ್ಟು ಬೋಲ್ಟು ಹತ್ತಬಹುದು, ನೋಡಿ" ಎಂದು ಮೇಸ್ತ್ರಿಯ ಕೈಗೆ ಒಪ್ಪಿಸಿದ್ದಳು. ಮುಂದೆ ಸ್ವಂತ ಶೆಡ್ಡು ಹಾಕಿದ ಮೇಲೆ ಅವನು ಅಕ್ಕನಿಗೆ ಕಾರು ಓಡಿಸುವುದನ್ನು ಕಲಿಸಿದ. ಋಣ ತೀರಿಸುವ ಮಾತೇನೂ ಆಗ ಬಂದಿರಲಿಲ್ಲ. ಅವಳು ಕೇಳಿದಳು, ಅವನು ಕಲಿಸಿದ.

ಅಕ್ಕ ಚೆನ್ನಾಗಿ ಕಲಿತಳು. ಅವಳ ಗಂಡನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ ಇದೆ. ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಏಳು ಜನ ಕೂರುವ ಒಂದು ಹಳೆಯ ಡೀಸೆಲ್ ಕಾರನ್ನು ಅವನು ತನ್ನ ಹೆಸರಿನಲ್ಲಿ ಕೊಂಡ, ಅಕ್ಕ ಅದನ್ನು ದುಡಿಮೆಗೆ ಹಚ್ಚಿದಳು. ಊರಿನ ದೊಡ್ಡ ಆಸ್ಪತ್ರೆ ಗುಡ್ಡದ ನೆತ್ತಿಯಲ್ಲಿದೆ. ಡಯಾಲಿಸಿಸ್‌ಗೆ ಹೋಗುವ ರೋಗಿಗಳನ್ನು ಮನೆಬಾಗಿಲಲ್ಲಿ ಹತ್ತಿಸಿಕೊಂಡು, ಆ ಕಡಿದಾದ ಏರು ಹತ್ತಿ, ವಾರ್ಡಿನ ಮೆಟ್ಟಿಲವರೆಗೆ ಕೈಹಿಡಿದು ಬಿಟ್ಟುಬರುವುದು ಅವಳ ಕೆಲಸ. ಯಾರಿಗೆ ಬರುವಾಗ ಚಳಿ ಹತ್ತುತ್ತದೆ, ಯಾರಿಗೆ ಮುಂದಿನ ಸೀಟೇ ಬೇಕು, ಯಾರು ಮಾತಾಡಿಸಿದರೆ ಸಿಡುಕುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಗಂಡನಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಬಿಡು ಎಂದೂ ಹೇಳಿರಲಿಲ್ಲ.

ಕಾರಿನ ಮೊದಲ ಟರ್ಬೋ ವಯಸ್ಸಾಗಿಯೇ ಸತ್ತಿತು. ಏರಿನಲ್ಲಿ ಎಳೆತ ತಗ್ಗಿತ್ತು, ಆಕ್ಸಿಲರೇಟರ್ ಒತ್ತಿದಾಗ ದೂರದ ಸೈರನ್ನಿನಂಥ ಕೂಗು, ಹಿಂದೆ ನೀಲಿ ಹೊಗೆ. ಗಾಡಿ ಅಂಗಳಕ್ಕೆ ತಿರುಗುವಾಗಲೇ ತಮ್ಮ ಹೇಳಿದ, "ಟರ್ಬೋ." ಬಿಚ್ಚಿದಾಗ ಅದೇ ಆಗಿತ್ತು. ಶಾಫ್ಟ್ ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು, ಗಾಳಿ ಹೋಗುವ ಪೈಪಿನ ತುಂಬ ಆಯಿಲ್.

ಟರ್ಬೋ ಎಂದರೆ ಅಂಗೈಯಗಲದ ಎರಡು ಚಕ್ರ, ನಡುವೆ ಒಂದು ಶಾಫ್ಟ್. ಎಂಜಿನ್ನು ಹೊರದೂಡುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುವ ಆ ಶಾಫ್ಟ್ ನಿಂತಿರುವುದು ಬರೀ ಆಯಿಲಿನ ತೆಳು ಪದರದ ಮೇಲೆ. ಪೆನ್ಸಿಲ್ ಗಾತ್ರದ ಒಂದು ಪೈಪು ಆ ಆಯಿಲನ್ನು ತರುತ್ತದೆ. ಅದು ತಡೆದರೆ ಎಂಥ ಹೊಸ ಟರ್ಬೋ ಆದರೂ ಒಳಗೊಳಗೇ ಸುಟ್ಟುಹೋಗುತ್ತದೆ.

ಆ ಪೈಪು ಟರ್ಬೋಗೆ ಕೂಡುವ ಜಾಗದಲ್ಲಿ ಸಂದಿ ಮುಚ್ಚುವ ತೆಳು ಬಿಲ್ಲೆಯಂಥ ಒಂದು ಗ್ಯಾಸ್ಕೆಟ್ ಕೂರಿಸಿ ಬಿಗಿದರೆ ಸಾಕು. ಕಿವಿಯಣ್ಣ ಅದರ ಮೇಲೆ ಸೋರಿಕೆ ತಡೆಯುವ ಪೇಸ್ಟನ್ನೂ ಒಂದು ಬೆರಳು ಸವರುತ್ತಿದ್ದ. ಡಿಪೋದ ಹಳೆ ಬಸ್ಸುಗಳಲ್ಲಿ ಸೋರದ ಜಾಗವೇ ಇರಲಿಲ್ಲ. "ಗ್ಯಾಸ್ಕೆಟ್ಟು ಕಂಪನಿಯ ನೆಮ್ಮದಿಗೆ, ಪೇಸ್ಟು ನಮ್ಮ ನೆಮ್ಮದಿಗೆ" ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. ಆ ಬಸ್ಸುಗಳಿಗೆ ಟರ್ಬೋ ಇರಲಿಲ್ಲ. ಟರ್ಬೋ ಬಂದ ಮೇಲೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಹೊಸ ಟರ್ಬೋದ ಡಬ್ಬಿಯೊಳಗೆ ಪೇಸ್ಟ್ ಬಳಸಬೇಡಿ ಎಂದು ಅಚ್ಚು ಹಾಕಿದ ಕಾಗದವಿರುತ್ತದೆ. ಕಿವಿಯಣ್ಣ ಅದನ್ನು ಕೈ ಒರೆಸಲು ಬಳಸುತ್ತಿದ್ದ.

ಅಕ್ಕನ ಕಾರಿಗೂ ಹಾಗೇ ಹೊಸ ಟರ್ಬೋ ಬಿತ್ತು. ಕೆಲವು ವಾರ ಗಾಡಿ ಹಗುರವಾಗಿ ಏರು ಹತ್ತಿತು. ಆಮೇಲೊಂದು ಬೆಳಿಗ್ಗೆ, ಒಳಗೆ ರೋಗಿಗಳಿರುವಾಗಲೇ, ಏರಿನ ಅರ್ಧದಲ್ಲಿ ಮತ್ತೆ ಅದೇ ಸೈರನ್, ಅದೇ ನೀಲಿ ಹೊಗೆ. ಅಕ್ಕ ಕೂಡಲೇ ಬದಿಗೆ ತೆಗೆದು ಎಂಜಿನ್ ಆಫ್ ಮಾಡಿದಳು. ಅದು ಸರಿಯಾದ ಕೆಲಸ. ಕೆಟ್ಟ ಟರ್ಬೋ ಇಟ್ಟುಕೊಂಡು ಓಡಿಸಿದರೆ ಡೀಸೆಲ್ ಎಂಜಿನ್ನು ತನ್ನ ಆಯಿಲನ್ನೇ ಕುಡಿದು ಕೈಮೀರಿ ಓಡುವುದುಂಟು. ರೋಗಿಗಳನ್ನು ಬೇರೆ ಗಾಡಿಗೆ ಹತ್ತಿಸಿ, ಗಂಡನಿಗೆ ಫೋನ್ ಮಾಡಿ, ಕಾರನ್ನು ಎಳೆಸಿಕೊಂಡು ತಮ್ಮನ ಅಂಗಳಕ್ಕೆ ಬಂದಳು.

ಅಂಗಳ ತುಂಬಿತ್ತು. ಡ್ರೈವರುಗಳು ಚಹಾ ಹಿಡಿದಿದ್ದರು. ಭಾವ ಅಂಗಡಿ ಮುಚ್ಚಿ ಬಂದಿದ್ದ. ಹೊಸ ಟರ್ಬೋ ಇಷ್ಟು ಬೇಗ ಹೋಯಿತೆಂದರೆ ಹಾಕಿದವನ ಕಡೆಗೇ ಮೊದಲು ಕಣ್ಣು ತಿರುಗುತ್ತದೆ. ತಿರುಗುವ ಮೊದಲೇ ಕಿವಿಯಣ್ಣ ಬಾಯಿ ತೆರೆದ.

"ಅಕ್ಕ, ಆಸ್ಪತ್ರೆ ಮುಂದೆ ನಿಂತ ತಕ್ಷಣ ಆಫ್ ಮಾಡ್ತೀಯ ತಾನೆ?"

"ಮಾಡ್ದೆ ಏನು ಮಾಡ್ಲಿ? ವಾರ್ಡಿನ ಕಿಟಕಿ ಅಲ್ಲೇ ಇದೆ. ಆಫ್ ಮಾಡೋವರೆಗೂ ಕಾವಲಿನವನು ಯಾರನ್ನೂ ಇಳಿಯೋಕೆ ಬಿಡಲ್ಲ."

"ಅಲ್ಲಿಗೆ ಮುಗೀತು. ಏರು ಹತ್ತಿ ಬಂದಾಗ ಟರ್ಬೋ ಕೆಂಡ ಆಗಿರತ್ತೆ. ಸ್ವಲ್ಪ ಹೊತ್ತು ಎಂಜಿನ್ ಸುಮ್ನೆ ಓಡ್ತಾ ಇರ್ಬೇಕು. ತಟ್ಟನೆ ನಿಲ್ಸಿದ್ರೆ ಒಳಗಿರೋ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟತ್ತೆ. ಹೊಸ ಟರ್ಬೋನ ತಿಂದಿದ್ದು ನೀನೇ."

"ಅಕ್ಕ ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ ಅನ್ಸತ್ತೆ" ಎಂದ ಪೇಂಟರ್. ಸೀಟಿನ ಮೇಲಿದ್ದವರೆಲ್ಲ ನಕ್ಕರು. ಭಾವ ನಗಲಿಲ್ಲ. ಹೆಂಡತಿಯ ಮುಖ ನೋಡಿ, ಕೈಯಲ್ಲಿದ್ದ ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡ. ಅಕ್ಕನಿಗೆ ಅಂಗಡಿಯ ಬಾಗಿಲು ತೆರೆಯಲು ಹೋಗು ಎಂದ. ಅವಳು ಹೋದಳು.

ಕಿವಿಯಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಾಗೆ ಆಫ್ ಮಾಡುವುದು ಟರ್ಬೋಗೆ ಒಳ್ಳೆಯದಲ್ಲ, ಆದರೆ ಆ ಕೆಡುಕು ಬೆಳೆಯಲು ವರ್ಷಗಳು ಬೇಕು. ಅದು ಅವನಿಗೂ ಗೊತ್ತಿತ್ತು.

ಮಧ್ಯಾಹ್ನ ಟರ್ಬೋ ಬಿಚ್ಚಿದ. ಶಾಫ್ಟಿನ ಮೇಲೆ ಸುಟ್ಟ ನೀಲಿ ಬಣ್ಣ. ಆಯಿಲ್ ಸಿಗದೆ ಒಣಗಿ ತಿರುಗಿದ ಗುರುತು ಅದು. ಆಯಿಲ್ ಪೈಪು ಬಿಚ್ಚಿ ಕೂಡುಬಾಯಿಯೊಳಗೆ ಟಾರ್ಚ್ ಹಿಡಿದ. ಬೂದು ಬಣ್ಣದ ಒಂದು ಚೂರು, ಒಣಗಿದ ಪೇಸ್ಟಿನದು, ರಂಧ್ರಕ್ಕೆ ಬಿರಡೆಯಂತೆ ಕೂತಿತ್ತು. ಬಿಗಿದಾಗ ಒಳಕ್ಕೆ ಉಬ್ಬಿದ್ದು, ಆಮೇಲೆ ಆಯಿಲಿನ ರಭಸಕ್ಕೆ ಕಿತ್ತು ಬಂದು ಅಡ್ಡ ನಿಂತಿತ್ತು. ಚಿಮಟದಿಂದ ಎಳೆದು ಅಂಗೈಯಲ್ಲಿಟ್ಟುಕೊಂಡ.

ಭಾವ ಇನ್ನೂ ಅಂಗಳದಲ್ಲೇ ಕೂತಿದ್ದ. ಭಾವ, ಇಲ್ಲಿ ಬನ್ನಿ ಎಂದು ಕೂಗಿದ್ದರೆ ಸಾಕಿತ್ತು. ಹೊರಗೆ ಪೇಂಟರ್ ಇನ್ನೊಬ್ಬ ಡ್ರೈವರಿಗೆ ಅದೇ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ: "ಸ್ವಂತ ಅಕ್ಕ ಆದ್ರೂ ಮುಖದ ಮೇಲೆ ಹೇಳಿದ ನೋಡು. ಕಿವಿಯಣ್ಣ ಅಂದ್ರೆ ಅದು." ಕಿವಿಯಣ್ಣ ಚೂರನ್ನು ಬೆರಳಲ್ಲಿ ಹೊಸಕಿ ಚರಂಡಿಗೆ ಚಿಮ್ಮಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಅವನಿಗೆ ಅಂದು ಬರೀ ಒಂದು ಅಂಗಳ ದಾಟುವುದಿತ್ತು.

ಇನ್ನೊಂದು ಟರ್ಬೋವನ್ನು ತನ್ನ ಲೆಕ್ಕದಲ್ಲೇ ಹಾಕಿಕೊಟ್ಟ. ಈ ಬಾರಿ ಪೈಪು ತೊಳೆದು, ಒಣ ಗ್ಯಾಸ್ಕೆಟ್ ಮಾತ್ರ ಕೂರಿಸಿ, ಸ್ಟಾರ್ಟ್ ಮಾಡುವ ಮೊದಲು ಒಳಗೆ ಆಯಿಲ್ ತುಂಬಿಸಿ ಕೈಯಿಂದ ತಿರುಗಿಸಿ ನೋಡಿದ. ಕಂಪನಿಯ ಕಾಗದ ಹೇಳುವಂತೆಯೇ. ಭಾವ ಇದನ್ನು ಬಾಮೈದನ ದೊಡ್ಡ ಮನಸ್ಸೆಂದು ನೆಂಟರ ಮುಂದೆಲ್ಲ ಹೇಳಿಕೊಂಡ.

ಭಾವ ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು, ಜಗಳ ಮುಗಿದು ಕೀ ವಾಪಸಾಗುತ್ತಿತ್ತು. "ಸ್ವಲ್ಪ ದಿನ ಸುಧಾರಿಸ್ಕೊ, ಅಂಗಡೀಲಿ ಕೈಗೆ ಜನ ಬೇಕು" ಎಂದ ಅಷ್ಟೆ. ಕಾರಿಗೆ ಒಬ್ಬ ಡ್ರೈವರನ್ನು ಇಟ್ಟ. ಅಕ್ಕ ಅಂಗಡಿಯ ಗಾಜಿನ ಮೇಜಿನ ಹಿಂದೆ ಕೂತು, ಬಂದವರ ಕನ್ನಡಕಕ್ಕೆ ಸ್ಕ್ರೂ ಬಿಗಿಯತೊಡಗಿದಳು.

ಕಾರು ಮತ್ತೆ ಕೆಡಲಿಲ್ಲ. ಕೆಡುವಂತೆಯೂ ಇರಲಿಲ್ಲ, ಈ ಬಾರಿಯ ಕೆಲಸ ಅಷ್ಟು ಸರಿಯಾಗಿತ್ತು. ಆದರೆ ಒಂದೊಂದು ತಿಂಗಳು ಗಾಡಿ ಚೆನ್ನಾಗಿ ಓಡಿದಷ್ಟೂ ಅಕ್ಕನ ತಪ್ಪು ಗಟ್ಟಿಯಾಗುತ್ತ ಹೋಯಿತು. "ನೋಡು, ಅವಳು ಬಿಟ್ಟ ಮೇಲೆ ಒಂದು ಸದ್ದಿಲ್ಲ" ಎಂದು ಭಾವ ಹೇಳಿದಾಗ ಕಿವಿಯಣ್ಣ ತಲೆಯಾಡಿಸಿದ. ತಾನು ಮಾಡಿದ ಒಳ್ಳೆಯ ಕೆಲಸವೇ ಅಕ್ಕನ ಮೇಲೆ ಸಾಕ್ಷಿ ಹೇಳುವುದನ್ನು ನೋಡುತ್ತ ಕೂರುವುದು ಎಷ್ಟು ಕಷ್ಟ ಎಂದು ಅವನು ಯಾರಿಗೂ ಹೇಳುವಂತಿರಲಿಲ್ಲ. ಅಂಗಡಿಯ ಬೀದಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗತೊಡಗಿದ. ಅಕ್ಕ ಮನೆಗೆ ಬಂದರೆ ಏನೋ ನೆಪ ಹೇಳಿ ಶೆಡ್ಡಿಗೆ ಓಡುತ್ತಿದ್ದ. ಗ್ಯಾಸ್ಕೆಟ್ ಪೇಸ್ಟಿನ ಟ್ಯೂಬುಗಳನ್ನೆಲ್ಲ ಎಸೆದ. ಅದರಿಂದ ಏನೂ ಹಗುರಾಗಲಿಲ್ಲ.

ಹೀಗಿರುವಾಗ ಒಂದು ದಿನ ಒಬ್ಬ ನರ್ಸ್ ತನ್ನ ಕಾರು ತಂದಳು. ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆಯ ಸದ್ದು, ಎಳೆತ ಕಡಿಮೆ. ಪೇಂಟರ್ ಕುಂಚ ತೊಳೆಯುತ್ತಿದ್ದವನು ಹತ್ತಿರ ಬಂದ.

"ಮೇಡಂ, ಗಾಡಿ ನೀವೇ ಓಡಿಸ್ತೀರಾ?"

"ಇಲ್ಲ, ಅದೇ ನನ್ನನ್ನ ಓಡಿಸತ್ತೆ. ಯಾಕೆ?"

"ಬೇಜಾರಾಗ್ಬೇಡಿ. ಹೆಂಗಸರ ಕೈಗೂ ಟರ್ಬೋಗೂ ಆಗಿಬರಲ್ಲ ಅಂತಾರೆ. ಇವನ ಸ್ವಂತ ಅಕ್ಕ ಒಂದು ಹೊಸಾ ಟರ್ಬೋನೇ ನುಂಗಿ ನೀರು ಕುಡಿದ್ರು. ಅವರ ಕೈಯಿಂದ ಕಾರು ಬಿಡಿಸಿದ್ಮೇಲೆ ನೋಡಿ, ಗಾಡಿ ಗುಂಡುಕಲ್ಲಿನ ಹಾಗಿದೆ."

ನರ್ಸ್ ಕಿವಿಯಣ್ಣನ ಕಡೆ ತಿರುಗಿದಳು. "ಗುಡ್ಡದ ಆಸ್ಪತ್ರೆಗೆ ಡಯಾಲಿಸಿಸ್ಸಿನವರನ್ನ ಕರ್ಕೊಂಡು ಬರ್ತಿದ್ರಲ್ಲ, ಅವರು ನಿಮ್ಮ ಅಕ್ಕನಾ? ಮೈ ಹುಷಾರಿಲ್ಲ ಅಂತ ಬಿಟ್ರು ಅಂದ್ಕೊಂಡಿದ್ವಿ. ನಾನು ಅದೇ ವಾರ್ಡಿನವಳು."

"ಹೌದು, ನಮ್ಮಕ್ಕ."

"ಈಗಿನ ಡ್ರೈವರ್ ಗೇಟಿನ ಹತ್ರವೇ ಇಳಿಸಿ ಹೊರಟುಬಿಡ್ತಾನೆ. ಅವನದೇನು ತಪ್ಪಿಲ್ಲ, ಅವನಿಗೆ ಹೇಳಿರೋ ಕೆಲಸ ಅಷ್ಟೆ. ಆದ್ರೆ ಒಬ್ಬರು ಅಜ್ಜಿ ಮೆಟ್ಟಿಲಿಗೆ ಹೆದರಿ ಬರೋದನ್ನೇ ಕಮ್ಮಿ ಮಾಡಿದ್ದಾರೆ. ಬಂದಾಗೆಲ್ಲ ಕೇಳ್ತಾರೆ, ಆ ಮಗಳು ಯಾವಾಗ ಬರ್ತಾಳೆ ಅಂತ."

ಕಿವಿಯಣ್ಣ ಬಾನೆಟ್ ಎತ್ತಿ ಬಗ್ಗಿದ. ಸದ್ದು ಕೇಳಿದಾಗ ಮನಸ್ಸಿನಲ್ಲಿ ಟರ್ಬೋ ಎಂದೇ ಬಂದಿತ್ತು. ಬಾಯಿಗೆ ತರಲಿಲ್ಲ. ಗಾಳಿಯ ಪೈಪು ಬಿಚ್ಚಿ ಬೆರಳು ಹಾಕಿ ಶಾಫ್ಟ್ ಅಲ್ಲಾಡಿಸಿದ, ಬಿಗಿಯಾಗಿತ್ತು. ರಬ್ಬರ್ ಪೈಪನ್ನು ಕೈಯಲ್ಲಿ ಬಾಗಿಸಿದಾಗ ಮಡಿಕೆಯಲ್ಲಿ ಒಂದು ಸೀಳು ಬಾಯಿ ತೆರೆಯಿತು. ಸಿಳ್ಳೆ ಅಲ್ಲಿಂದ. "ಟರ್ಬೋ ಸರಿಯಾಗಿದೆ, ಪೈಪು ಹರಿದಿದೆ" ಎಂದು ನರ್ಸಿಗೆ ತೋರಿಸಿದ. ಬೇರೆ ಪೈಪು ಹಾಕಿ ಕಳಿಸಿ, ಶೆಡ್ಡಿನ ಬಾಗಿಲು ಎಳೆದು, ಕೈ ತೊಳೆದುಕೊಂಡು ಕನ್ನಡಕದ ಅಂಗಡಿಗೆ ನಡೆದ.

ಭಾವ ಊಟಕ್ಕೆ ಹೋಗಿದ್ದ. ಅಕ್ಕ ಒಂದು ಕಣ್ಣು ಮುಚ್ಚಿ, ಕನ್ನಡಕದ ಕಾಲಿಗೆ ಸ್ಕ್ರೂ ಕೂರಿಸುತ್ತಿದ್ದಳು.

"ಏನೋ, ದಾರಿ ತಪ್ಪಿ ಬಂದ್ಯಾ?" ಎಂದಳು. "ಕೂತ್ಕೊ. ಕಣ್ಣು ಕಾಣಲ್ವಾ? ವಯಸ್ಸಾಯ್ತು ನಿನಗೂ."

"ಅಕ್ಕ, ಆ ಟರ್ಬೋ ಹೋಗಿದ್ದು ನಿನ್ನಿಂದ ಅಲ್ಲ."

ಅವಳ ಕೈ ನಿಲ್ಲಲಿಲ್ಲ. ಅವನು ಪೇಸ್ಟಿನ ವಿಷಯ ಹೇಳಿದ, ಪೈಪಿನ ಬಾಯಿ, ಬೂದು ಚೂರು, ಎಲ್ಲ. ಸ್ಕ್ರೂ ಬಿಗಿದು ಮುಗಿಸಿ, ಕನ್ನಡಕವನ್ನು ಡಬ್ಬಿಗಿಟ್ಟು ಅವಳು ತಲೆ ಎತ್ತಿದಳು.

"ಯಾವಾಗ ಗೊತ್ತಾಯ್ತು ನಿನಗೆ?"

ಅವನು ಹೆದರಿದ್ದು ಇದೊಂದೇ ಪ್ರಶ್ನೆಗೆ. "ಅವತ್ತೇ. ನೀನು ಅಂಗಡಿಗೆ ಹೋದ್ಮೇಲೆ, ಮಧ್ಯಾಹ್ನ."

"ಅವತ್ತೇ" ಎಂದಳು ಅಕ್ಕ. ಬೀದಿಯ ಕಡೆ ನೋಡಿದಳು. "ನಾನು ಎಷ್ಟು ಸಲ ಯೋಚನೆ ಮಾಡಿದೀನಿ ಗೊತ್ತಾ? ಆ ಕಾವಲಿನವನ ಹತ್ರ ಜಗಳ ಆಡ್ಬೇಕಿತ್ತು, ಕೆಳಗೆ ರಸ್ತೇಲೇ ನಿಲ್ಸಿ ತಣ್ಣಗೆ ಮಾಡ್ಕೊಂಡು ಹೋಗ್ಬೇಕಿತ್ತು, ನಂಗ್ಯಾಕೆ ಹೊಳೀಲಿಲ್ಲ ಅಂತ. ಅಷ್ಟು ಜನ ರೋಗಿಗಳನ್ನ ಕೂರಿಸ್ಕೊಂಡು ಏರಿನ ಮಧ್ಯ ನಿಲ್ಸಿದ್ನಲ್ಲ ಅಂತ ನಿದ್ದೆ ಬರ್ತಿರ್ಲಿಲ್ಲ. ನೀನು ಎರಡು ಬೀದಿ ಆಚೆ ಮಲಗಿದ್ದೆ."

"ತಪ್ಪಾಯ್ತು ಅಕ್ಕ. ಭಾವಂಗೆ ನೀನೇ ಒಂದು ಮಾತು..."

"ನಾನು ಹೇಳಲ್ಲ. ನನ್ನ ಕಿವೀಲಿ ಹೇಳಿ ಹಗುರ ಮಾಡ್ಕೊಂಡು ಹೋಗೋಕೆ ಬಂದ್ಯಾ? ಅಂಗಳದಲ್ಲಿ ಹೇಳಿದ್ದು ತಾನೆ. ಅಂಗಳದಲ್ಲೇ ಹೇಳು."

ಮುಂದಿನ ವಾರ ಕಾರಿನ ಆಯಿಲ್ ಬದಲಿಸಬೇಕಿತ್ತು. ಭಾವ ಡ್ರೈವರನ್ನು ಬಿಟ್ಟು ತಾನೇ ತಂದ, ಜೊತೆಗೆ ಅಕ್ಕನೂ ಇಳಿದಳು. ವ್ಯಾನಿನ ಸೀಟಿನ ಮೇಲೆ ಡ್ರೈವರುಗಳು ಸರಿದು ಜಾಗ ಕೊಟ್ಟರು. ಕಿವಿಯಣ್ಣ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. ಆವತ್ತು ಅಕ್ಕ ಟರ್ಬೋ ಕೆಡಿಸಿದಳು ಎಂದದ್ದು ತನ್ನ ಸುಳ್ಳು. ಕೆಡಿಸಿದ್ದು ತನ್ನ ಪೇಸ್ಟು. ಆವತ್ತೇ ಕಂಡಿತ್ತು, ತಾನು ಮುಚ್ಚಿಟ್ಟಿದ್ದ.

ಪೇಂಟರ್ ಕುಂಚ ಕೆಳಗಿಟ್ಟ. "ಅಂದ್ರೆ ಕಿವಿ ಚೆನ್ನಾಗಿದೆ, ಕೈ ಕೊಟ್ಟಿದ್ದು ಕೈ" ಎಂದ. ಈ ಸಲ ನಗು ಸಣ್ಣಗಿತ್ತು.

ಭಾವ ಬಾಮೈದನ ಹೆಗಲ ಮೇಲೆ ಕೈ ಇಟ್ಟ. "ನನಗೆ ಅರ್ಥ ಆಗತ್ತಪ್ಪ. ಅಕ್ಕನ ಮೇಲಿನ ಪ್ರೀತಿ. ಅವಳಿಗೆ ಕಾರು ಕೊಡಿಸೋಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೊಳ್ತಿದ್ದೀಯ. ಇದೆಲ್ಲ ಬೇಡ."

"ಇಲ್ಲ ಭಾವ, ನಿಜ ಹೇಳ್ತಿದ್ದೀನಿ. ನನ್ನ ಕೈಯಾರೆ ತೆಗೆದೆ."

"ಎಲ್ಲಿದೆ ಆ ಚೂರು?"

"ಚರಂಡಿಗೆ ಎಸೆದೆ."

"ಹಳೇ ಟರ್ಬೋ?"

"ಗುಜರಿಗೆ ಹೋಯ್ತು."

ಭಾವ ತಾಳ್ಮೆಯಿಂದ ತಲೆಯಾಡಿಸಿದ, ಮಗುವಿನ ಮಾತು ಕೇಳುವವರ ಹಾಗೆ. "ಪುರಾವೆ ಇಲ್ಲದ ಮಾತು. ಅವಳು ಬಿಟ್ಟ ಮೇಲೆ ಗಾಡಿ ಒಂದು ದಿನವೂ ನಿಂತಿಲ್ಲ. ಅದು ಕಣ್ಣಿಗೆ ಕಾಣೋ ವಿಷಯ."

ಕಿವಿಯಣ್ಣನ ಸುಳ್ಳನ್ನು ಇದೇ ಅಂಗಳ ಕ್ಷಣದಲ್ಲಿ ನಂಬಿತ್ತು. ಅವನ ನಿಜಕ್ಕೆ ಬೆಲೆ ಬರುವಂತೆ ಮಾಡಬಹುದಾಗಿದ್ದ ಒಂದೇ ವಸ್ತುವನ್ನು ಅವನೇ ಚರಂಡಿ ಪಾಲು ಮಾಡಿದ್ದ.

ಅಕ್ಕ ಸೀಟಿನಿಂದ ಎದ್ದಳು.

"ರೀ, ಇವತ್ತು ಪುರಾವೆ ಕೇಳ್ತಿದ್ದೀರಲ್ಲ. ಅವತ್ತು ಇವನು ನನ್ನ ಮೇಲೆ ಹೇಳಿದಾಗ ಪುರಾವೆ ಕೇಳಿದ್ರಾ?"

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅಂಗಿಯಿಂದ ಒರೆಸಬಾರದು ಎಂದು ದಿನವೂ ಗಿರಾಕಿಗಳಿಗೆ ಹೇಳುವವನು ಅವನೇ.

"ಕೇಳ್ಲಿಲ್ಲ" ಎಂದ.

"ಯಾಕೆ ಕೇಳ್ಲಿಲ್ಲ?"

ಅವನು ಸುತ್ತ ನೋಡಿದ. ಡ್ರೈವರುಗಳು ತಮ್ಮ ತಮ್ಮ ಚಹಾ ಲೋಟ ನೋಡುತ್ತಿದ್ದರು. "ನೀನು ಆ ಏರು ಹತ್ತೋದು ನೆನೆದ್ರೆ ನನಗೆ ಭಯ ಆಗ್ತಿತ್ತು. ಬಿಡು ಅಂತ ಹೇಳೋಕೆ ಒಂದು ಕಾರಣ ಬೇಕಿತ್ತು. ಇವನು ಕೊಟ್ಟ."

"ಭಯ ಅಂತ ಅವತ್ತೇ ಹೇಳಿದ್ದಿದ್ರೆ ಮನೇಲೇ ಕೂತು ಮಾತಾಡ್ತಿದ್ವಿ" ಎಂದಳು ಅಕ್ಕ, ಕೈ ಚಾಚಿ. ಅವಳ ದನಿ ಏರಿರಲಿಲ್ಲ. ಭಾವ ಒಂದು ಗಳಿಗೆ ಆ ಕೈಯನ್ನು ನೋಡಿ ಕೀ ಕೊಟ್ಟ. ಮುಂದಿನ ಎಡಗಡೆ ಬಾಗಿಲು ತೆಗೆದು ಸುಮ್ಮನೆ ಒಳಗೆ ಕೂತ.

"ಆಯಿಲ್ ಬದಲಾಯಿಸ್ಬೇಕಲ್ಲ ಅಕ್ಕ" ಎಂದ ಕಿವಿಯಣ್ಣ.

"ಬೇರೆ ಕಡೆ ಮಾಡಿಸ್ಕೋತೀನಿ."

ಹಾಗೇ ಮಾಡಿದಳು. ಇಟ್ಟುಕೊಂಡಿದ್ದ ಡ್ರೈವರನ್ನು ಆಸ್ಪತ್ರೆಯ ಇನ್ನೊಂದು ಗಾಡಿಗೆ ಸೇರಿಸಿ, ತಾನು ಮತ್ತೆ ಏರು ಹತ್ತತೊಡಗಿದಳು. ಕಾರು ಈಗ ಬೀದಿಯ ಆ ತುದಿಯ ಗ್ಯಾರೇಜಿಗೆ ಹೋಗುತ್ತದೆ. ಪೇಂಟರ್ ಬಂದ ಗಿರಾಕಿಗಳಿಗೆ ಹೊಸ ಕಥೆ ಹೇಳುತ್ತಾನೆ. ಅದರಲ್ಲಿ ಟರ್ಬೋ ನುಂಗಿದ್ದು ಕಿವಿಯಣ್ಣ. ಕಿವಿಯಣ್ಣ ತಿದ್ದುವುದಿಲ್ಲ. ಯಾವ ಗಾಡಿ ಬಂದರೂ ಬಿಚ್ಚಿ ನೋಡುವ ಮೊದಲು ಏನೂ ಹೇಳುವುದಿಲ್ಲ, ಹೀಗಾಗಿ ಮೊದಲಿಗಿಂತ ನಿಧಾನ ಎಂದು ಕೆಲವರು ದೂರುತ್ತಾರೆ.

ಅಕ್ಕ ತಮ್ಮನ ಮನೆಗೆ ಬರುವುದನ್ನು ಬಿಟ್ಟಿಲ್ಲ. ಊಟಕ್ಕೆ ಕೂರುತ್ತಾಳೆ, ಅವನ ಹೆಂಡತಿಯ ಜೊತೆ ಹರಟುತ್ತಾಳೆ, ಮಕ್ಕಳ ತಲೆ ಸವರುತ್ತಾಳೆ. ಮೆಟ್ಟಿಲಿಗೆ ಹೆದರುತ್ತಿದ್ದ ಅಜ್ಜಿ ಈಗ ಆಸ್ಪತ್ರೆಗೆ ತಪ್ಪದೆ ಬರುತ್ತಾರೆಂದೂ ಹೇಳಿದಳು, ಅದೂ ಅವನ ಹೆಂಡತಿಯ ಕಡೆ ತಿರುಗಿ. ಕಳೆದ ಸಲ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಅವನು ಬಾಗಿಲವರೆಗೆ ಬಂದು ಕೇಳಿದ, "ಗಾಡಿ ಹೇಗಿದೆ ಅಕ್ಕ?"

"ಓಡ್ತಿದೆ" ಎಂದು ಹೇಳಿ ಅವಳು ಮೆಟ್ಟಿಲಿಳಿದಳು.